ಮಾಂಸಖಂಡ ಮೂಳೆಯಾಗುವ ಎಫ್‌ಒಪಿ: ವರ್ಷ ಕಳೆದಂತೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್‌ಒಪಿ ಇರುವ ಮಕ್ಕಳ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎದುರಿಗೆ ಸಿಕ್ಕಾಗ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಜೋಡಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಈಗಷ್ಟೇ ವಿಷಯ ಗೊತ್ತಾದವರು ಮೇಲಿನಿಂದ ಓದಿ. ವರ್ಷಗಟ್ಟಲೆ ಇದರ ಜೊತೆ ಬಾಳಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಯಾವ ಔಷಧಿ, ಎಷ್ಟು ಎಂಬುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

## ಮೊದಮೊದಲ ಪ್ರಶ್ನೆಗಳು

ಡಾಕ್ಟರ್ ಹೇಳಿದ ಹೆಸರು ಬಾಯಿಗೇ ಬರಲ್ಲ. ಏನಿದು ಕಾಯಿಲೆ?

ಪೂರ್ತಿ ಹೆಸರು ಫೈಬ್ರೋಡಿಸ್ಪ್ಲೇಸಿಯಾ ಆಸಿಫಿಕಾನ್ಸ್ ಪ್ರೋಗ್ರೆಸಿವಾ. ಬಾಯಿಗೆ ಬರದಿದ್ದರೆ ಬೇಸರ ಬೇಡ, ಡಾಕ್ಟರುಗಳೂ ಎಫ್‌ಒಪಿ ಅಂತಲೇ ಕರೆಯುತ್ತಾರೆ. ಈ ಕಾಯಿಲೆಯಲ್ಲಿ ಮಾಂಸಖಂಡ, ಅದನ್ನು ಮೂಳೆಗೆ ಕಟ್ಟುವ ನಾರು, ಕೀಲುಗಳ ಸುತ್ತಲಿನ ಪದರ ಇವೆಲ್ಲ ಸ್ವಲ್ಪಸ್ವಲ್ಪವಾಗಿ ಮೂಳೆಯಾಗುತ್ತವೆ. ಹಾಗೆ ಬೆಳೆಯುವ ಮೂಳೆಯಲ್ಲಿ ದೋಷವೇನೂ ಇರುವುದಿಲ್ಲ. ಒಳಗೆ ಮಜ್ಜೆ ಕೂಡ ಇರುತ್ತದೆ. ಬೆಳೆಯಬಾರದ ಜಾಗದಲ್ಲಿ ಬೆಳೆಯುತ್ತದೆ ಎಂಬುದೇ ತೊಂದರೆ. ಮೂಳೆ ಸೇತುವೆ ಕಟ್ಟಿದ ಕೀಲು ಆಮೇಲೆ ಅಲ್ಲಾಡುವುದಿಲ್ಲ.

ನಮ್ಮ ಕಡೆ ಯಾರೂ ಇದರ ಹೆಸರೇ ಕೇಳಿಲ್ಲ. ಅಷ್ಟು ಅಪರೂಪಾನಾ?

ಹೌದು. ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಇರಬಹುದು ಎಂಬ ಅಂದಾಜಿದೆ. ಗಂಡು, ಹೆಣ್ಣು, ದೇಶ, ಜನಾಂಗ ಎಂಬ ಭೇದವಿಲ್ಲ. ಹಾಗಾಗಿ ಎಷ್ಟೋ ಡಾಕ್ಟರುಗಳು ತಮ್ಮ ಇಡೀ ವೃತ್ತಿಯಲ್ಲಿ ಇಂಥ ಒಬ್ಬರನ್ನೂ ನೋಡಿರುವುದಿಲ್ಲ. ಮೊದಲ ಸಲ ಬೇರೆ ಕಾಯಿಲೆಯ ಹೆಸರು ಹೇಳಿಸಿಕೊಂಡವರೇ ಜಾಸ್ತಿ. ಕ್ಯಾನ್ಸರ್ ಎಂದು ಹೆದರಿಸಿಕೊಂಡವರೂ ಬಹಳ.

ಹುಟ್ಟಿದಾಗ ಎಲ್ಲಾ ಚೆನ್ನಾಗಿತ್ತು, ಕಾಲಿನ ಹೆಬ್ಬೆರಳು ಮಾತ್ರ ಸೊಟ್ಟ. ಅದಕ್ಕೂ ಇದಕ್ಕೂ ಏನು ಸಂಬಂಧ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಎಫ್‌ಒಪಿ ಇರುವ ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಹುಟ್ಟಿನಿಂದಲೇ ಎರಡೂ ಪಾದದ ಹೆಬ್ಬೆರಳು ಗಿಡ್ಡವಾಗಿ, ಪಕ್ಕದ ಬೆರಳಿನ ಕಡೆಗೆ ತಿರುಗಿರುತ್ತದೆ. ಬೆರಳು ಮಡಿಸುವ ಜಾಗದ ಗೆರೆಯೂ ಕೆಲವರಲ್ಲಿ ಕಾಣುವುದಿಲ್ಲ. ಕೈಯ ಹೆಬ್ಬೆರಳು ಗಿಡ್ಡವಿರಬಹುದು. ಕತ್ತು ಮೊದಲಿನಿಂದಲೂ ಸ್ವಲ್ಪ ಬಿಗಿ. ಕೂಸು ಬೋರಲು ಬಿದ್ದಾಗ ತಲೆ ಎತ್ತಲು ಒದ್ದಾಡುವುದನ್ನು ತಾಯಂದಿರು ಗಮನಿಸಿರುತ್ತಾರೆ.

ಈ ಹಂತದಲ್ಲಿ ಯಾವ ಬಾವೂ ಇರುವುದಿಲ್ಲ. ಮನೆಯಲ್ಲಿ "ಅಜ್ಜಿ ಕಾಲೂ ಹೀಗೇ ಇತ್ತು" ಎಂದು ಸುಮ್ಮನಾಗುತ್ತಾರೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಬೆನ್ನಿನಲ್ಲೋ ಕತ್ತಿನಲ್ಲೋ ಗಂಟು ಎದ್ದಾಗ ಎಲ್ಲರ ಕಣ್ಣು ಗಂಟಿನ ಮೇಲೆ. ಕಾಲು ಯಾರೂ ನೋಡುವುದಿಲ್ಲ. ಸೊಟ್ಟ ಹೆಬ್ಬೆರಳು, ಬೆನ್ನಿನಲ್ಲಿ ಗಂಟು ಎರಡೂ ಒಂದೇ ಮಗುವಿನಲ್ಲಿ ಕಂಡರೆ ಸೂಜಿ, ಕತ್ತರಿ ಹಿಡಿಯುವ ಮುಂಚೆ ಎಫ್‌ಒಪಿ ನೆನಪಾಗಬೇಕು. ಮಾಂಸಖಂಡಕ್ಕಾದ ಗಾಯವೇ ಹೊಸ ಮೂಳೆಗೆ ದಾರಿ. ಜೀನ್ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ರಕ್ತನಾಳದಿಂದ ರಕ್ತ ತೆಗೆದರೆ ತೊಂದರೆ ಇಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ ಇವೆ. ಕರ್ನಾಟಕದವರು ಅಲ್ಲಿಂದ ಶುರು ಮಾಡಬಹುದು.

ಕಾಲ್ಬೆರಳು ಸೊಟ್ಟ ಇರುವ ಮಕ್ಕಳಿಗೆಲ್ಲ ಈ ಕಾಯಿಲೆ ಇದೆ ಎಂದಲ್ಲ. ಬೇರೆ ಕಾರಣಗಳೇ ಹೆಚ್ಚು.

ನಾನು ಸೋದರಮಾವನನ್ನೇ ಮದುವೆ ಆಗಿದ್ದು. ಅದಕ್ಕೇ ಹೀಗಾಯ್ತಾ?

ಇಲ್ಲ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ನಿಜ. ಅವು ತಂದೆ ತಾಯಿ ಇಬ್ಬರಿಂದಲೂ ಜೀನ್‌ನ ಕೆಟ್ಟ ಪ್ರತಿ ಬಂದಾಗ ಆಗುವ ಕಾಯಿಲೆಗಳು. ಎಫ್‌ಒಪಿಗೆ ಒಂದೇ ಪ್ರತಿಯಲ್ಲಿ ಬದಲಾವಣೆ ಸಾಕು. ಬಹುತೇಕ ಮಕ್ಕಳಲ್ಲಿ ಆ ಬದಲಾವಣೆ ಹೊಸದಾಗಿ, ಯಾರ ತಪ್ಪೂ ಇಲ್ಲದೆ ಆಗಿರುತ್ತದೆ. ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ. ಬಸುರಿಯಲ್ಲಿ ತಿಂದದ್ದು, ಗ್ರಹಣ ನೋಡಿದ್ದು, ಯಾವುದೂ ಕಾರಣವಲ್ಲ. ಮನೆಯಲ್ಲಿ ಯಾರಾದರೂ ಸೊಸೆಯ ಮೇಲೆ ಹೊರಿಸುತ್ತಿದ್ದರೆ ಈ ಪ್ಯಾರಾ ಓದಿ ಹೇಳಿ.

ಹಾಲು, ರಾಗಿ, ಕ್ಯಾಲ್ಸಿಯಂ ನಿಲ್ಲಿಸಿದ್ರೆ ಮೂಳೆ ಬೆಳೆಯೋದು ನಿಲ್ಲುತ್ತಾ?

ನಿಲ್ಲುವುದಿಲ್ಲ. ಕ್ಯಾಲ್ಸಿಯಂ ಜಾಸ್ತಿಯಾಗಿ ಬರುವ ಕಾಯಿಲೆ ಇದಲ್ಲ. ಮಗು ಎಂದಿನಂತೆ ಉಣ್ಣಲಿ.

## ವಯಸ್ಸು ಏರಿದಂತೆ

ಫ್ಲೇರ್ ಅಂತಾರಲ್ಲ, ಅದು ಹೇಗಿರುತ್ತೆ? ಬಾವು ಬಂದ ಕಡೆಯೆಲ್ಲ ಮೂಳೆ ಆಗೇ ಆಗುತ್ತಾ?

ಕೆಲವೊಮ್ಮೆ ರಾತ್ರಿ ಮಲಗಿದಾಗ ಏನೂ ಇರುವುದಿಲ್ಲ, ಬೆಳಗ್ಗೆ ಬೆನ್ನಿನ ಮೇಲೆ ಬಾವು ಎದ್ದಿರುತ್ತದೆ. ಬಿಸಿ, ನೋವು, ಬಿಗಿತ, ಕೆಲವರಿಗೆ ಸಣ್ಣ ಜ್ವರ. ಶುರುವಿನಲ್ಲಿ ಮುಟ್ಟಿದರೆ ಹಿಟ್ಟಿನಂತೆ ಮೆತ್ತಗಿರುತ್ತದೆ. ಒಳಗೆ ಮಾಂಸಖಂಡ ಸತ್ತು, ಆ ಜಾಗದಲ್ಲಿ ನಾರಿನ ಅಂಗಾಂಶ ತುಂಬಿಕೊಳ್ಳುತ್ತದೆ. ಅದು ಮೃದ್ವಸ್ಥಿಯಾಗಿ, ಕೊನೆಗೆ ಮೂಳೆಯಾಗುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಮೂಳೆ ಬೆಳೆಯುವುದೂ ಇದೇ ಕ್ರಮದಲ್ಲಿ. ಇಷ್ಟಾಗಲು ಕೆಲವು ವಾರದಿಂದ ಎರಡು ಮೂರು ತಿಂಗಳು ಹಿಡಿಯುತ್ತದೆ. ಅದಕ್ಕೇ ಮೊದಲ ದಿನಗಳ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ.

ಎಲ್ಲ ಬಾವೂ ಮೂಳೆಯಾಗುವುದಿಲ್ಲ. ಕೆಲವು ತಾವಾಗೇ ಕರಗುತ್ತವೆ. ಯಾವುದು ಕರಗುತ್ತದೆ, ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಹಾಗಾಗಿಯೇ ಯಾವುದೋ ಕಷಾಯದಿಂದ, ಯಾವುದೋ ಪುಡಿಯಿಂದ ಗಂಟು ಕರಗಿತು ಎಂಬ ಕತೆಗಳು ಹುಟ್ಟುತ್ತವೆ.

ಯಾವ ವಯಸ್ಸಿಗೆ ಶುರುವಾಗಿ, ಎಲ್ಲಿಂದ ಎಲ್ಲಿಗೆ ಹೋಗುತ್ತೆ?

ಹೆಚ್ಚಿನವರಿಗೆ ಹತ್ತು ವರ್ಷ ತುಂಬುವುದರೊಳಗೆ ಶುರುವಾಗುತ್ತದೆ. ಇದಕ್ಕೊಂದು ದಾರಿ ಇದೆ. ಮುಂಭಾಗಕ್ಕಿಂತ ಮೊದಲು ಬೆನ್ನಿನ ಭಾಗ. ಕೆಳಗಿಗಿಂತ ಮೊದಲು ಮೇಲೆ. ಕೈಕಾಲಿಗಿಂತ ಮೊದಲು ನಡುಮೈ. ಕೈಕಾಲಿನಲ್ಲೂ ಮೊದಲು ಮೈಗೆ ಹತ್ತಿರದ ಕೀಲು, ಆಮೇಲೆ ದೂರದ್ದು. ಅಂದರೆ ಕತ್ತು, ಬೆನ್ನು, ಭುಜ ಮೊದಲು. ಮೊಣಕೈ, ಸೊಂಟದ ಕೀಲು, ಮಂಡಿ ಆಮೇಲೆ. ಮಣಿಕಟ್ಟು, ಪಾದದ ಕೀಲು ಇನ್ನೂ ತಡ. ಕೈಬೆರಳು ಬಹಳ ಜನರಲ್ಲಿ ಕೊನೆಯವರೆಗೂ ಆಡುತ್ತಿರುತ್ತವೆ.

1993ರಲ್ಲಿ ಪ್ರಕಟವಾದ 44 ಜನರ ಅಧ್ಯಯನವನ್ನು ಇವತ್ತಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಪ್ರಕಾರ 7 ವರ್ಷದ ಹೊತ್ತಿಗೆ 80 ಶೇಕಡಾಕ್ಕಿಂತ ಹೆಚ್ಚು ಮಕ್ಕಳಲ್ಲಿ ಯಾವುದಾದರೂ ಚಲನೆಗೆ ಅಡ್ಡಿ ಬಂದಿತ್ತು. 15ರ ಹೊತ್ತಿಗೆ 95 ಶೇಕಡಾಕ್ಕಿಂತ ಹೆಚ್ಚಿನವರಿಗೆ ತೋಳು ಆಡಿಸುವುದು ತುಂಬಾ ಕಷ್ಟವಾಗಿತ್ತು. ಇವು ಗುಂಪಿನ ಲೆಕ್ಕ, ನೆನಪಿರಲಿ. ನಿಮ್ಮ ಮಗುವಿನ ಕ್ಯಾಲೆಂಡರ್ ಇದರಲ್ಲಿ ಇಲ್ಲ.

ಎರಡು ವರ್ಷದಿಂದ ಒಂದೂ ಬಾವು ಬಂದಿಲ್ಲ. ನಿಂತುಹೋಯ್ತು ಅಂದ್ಕೋಬಹುದಾ?

ಹಾಗೆ ಅಂದುಕೊಳ್ಳುವ ಆಸೆ ಸಹಜ. ಆದರೆ ಈ ಕಾಯಿಲೆ ಇಳಿಜಾರಿನಂತೆ ಒಂದೇ ಸಮ ಸಾಗುವುದಿಲ್ಲ, ಮೆಟ್ಟಿಲಿನಂತೆ ಸಾಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಮತಟ್ಟು. ಆಮೇಲೆ ಒಂದು ಫ್ಲೇರ್ ಬಂದು, ಕೆಲವೇ ವಾರಗಳಲ್ಲಿ ಒಂದು ಕೀಲು ಕಳೆದುಹೋಗಬಹುದು. ಕಳೆದದ್ದು ವಾಪಸ್ ಬರುವುದಿಲ್ಲ. ಸೊಂಟದ ಕೀಲಿನ ಫ್ಲೇರ್‌ಗಳು ಇದರಲ್ಲಿ ಬಹಳ ಕೆಟ್ಟವು, ಒಂದೇ ಸಲಕ್ಕೆ ನಡಿಗೆ ಕೆಡಿಸಬಲ್ಲವು.

ಬಾವೇ ಕಾಣದೆ ಚಲನೆ ಕಡಿಮೆಯಾಗುವುದೂ ಉಂಟು. ದೊಡ್ಡವರಲ್ಲಿ ಇದು ಹೆಚ್ಚು. "ಫ್ಲೇರ್ ಬಂದೇ ಇಲ್ಲ, ಆದರೂ ಹೋದ ವರ್ಷ ಬಾಚಿಕೊಳ್ಳುತ್ತಿದ್ದ ತಲೆ ಈಗ ಕೈಗೆ ಎಟುಕಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಸಮತಟ್ಟಿನ ಕಾಲವನ್ನು ಭಯದಲ್ಲಿ ಕಳೆಯಬೇಡಿ ಎಂಬುದು ನನ್ನ ಮಾತು. ಹಲ್ಲಿನ ತಪಾಸಣೆ, ಕಿವಿ ಪರೀಕ್ಷೆ, ಶ್ವಾಸಕೋಶದ ಪರೀಕ್ಷೆ, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಕಲಿಯಬೇಕಾದ್ದನ್ನು ಕಲಿಯುವುದು, ಎಲ್ಲಕ್ಕೂ ಅದೇ ಸಮಯ.

ನಡೆಯೋದು ಯಾವಾಗ ನಿಲ್ಲುತ್ತೆ?

ಬಹುತೇಕರಿಗೆ 20ರಿಂದ 30ರ ಒಳಗೆ ವೀಲ್‌ಚೇರ್ ಬೇಕಾಗುತ್ತದೆ. ಕೆಲವರಿಗೆ ಮುಂಚೆ, ಕೆಲವರಿಗೆ ಎಷ್ಟೋ ತಡವಾಗಿ. ಕೀಲುಗಳು ಯಾವ ಭಂಗಿಯಲ್ಲಿ ಬಿಗಿದುಕೊಂಡವು ಎಂಬುದರ ಮೇಲೆ ಬದುಕು ನಿಂತಿರುತ್ತದೆ. ಸೊಂಟ ನೆಟ್ಟಗೆ ನಿಂತರೆ ನಿಲ್ಲಬಹುದು, ಕೂರಲು ಆಗುವುದಿಲ್ಲ. ಮಡಿಸಿ ನಿಂತರೆ ಕೂರಬಹುದು, ನಿಲ್ಲಲು ಆಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಸಿಗುವ ಕುರ್ಚಿ ಎಲ್ಲರಿಗೂ ಹೊಂದುವುದಿಲ್ಲ. ಅಳತೆಗೆ ಮಾಡಿಸಬೇಕಾಗುತ್ತದೆ. ನಮ್ಮ ಕಡೆ ಇನ್ನೊಂದು ಕಷ್ಟ ಇದೆ: ನೆಲದ ಮೇಲೆ ಕೂತು ಉಣ್ಣುವ, ಇಂಡಿಯನ್ ಕಮೋಡ್ ಬಳಸುವ ಮನೆ. ನಡಿಗೆ ಕೆಡುವ ಎಷ್ಟೋ ಮುಂಚೆಯೇ ಇವೆರಡು ಕೈಬಿಡುತ್ತವೆ.

ದವಡೆ ಕಚ್ಚಿಕೊಂಡ್ರೆ ಊಟ ಹೇಗೆ?

ದವಡೆ ಬಿಗಿಯುವುದು ಹದಿಹರೆಯದಲ್ಲೂ ಆಗಬಹುದು, ಆಮೇಲೂ ಆಗಬಹುದು. ಎಷ್ಟೋ ಸಲ ಹಲ್ಲಿನ ಚಿಕಿತ್ಸೆಯೇ ಅದಕ್ಕೆ ನೆಪ. ಕೆಳದವಡೆ ಮರಗಟ್ಟಿಸಲು ಹಿಂಬದಿಗೆ ಕೊಡುವ ಬ್ಲಾಕ್ ಇಂಜೆಕ್ಷನ್, ಬಾಯನ್ನು ಬಲವಂತವಾಗಿ ಅಗಲಿಸುವುದು, ಇವೆರಡೂ ಬೇಡವೇ ಬೇಡ. ಇದನ್ನು ಡೆಂಟಿಸ್ಟ್‌ಗೆ ಮೊದಲೇ, ಬರೆದು ಕೊಟ್ಟು ಹೇಳಿ. ಬಿಗಿದ ಮೇಲೂ ಗಂಜಿ, ಅಂಬಲಿ, ಮೆತ್ತಗೆ ನುರಿದ ಅನ್ನ ಸಾರು ಹೋಗುತ್ತದೆ. ತೂಕ ಇಳಿಯದಂತೆ ನೋಡಿಕೊಳ್ಳಬೇಕು. ದೊಡ್ಡ ಅಪಾಯ ವಾಂತಿ: ಬಾಯಿ ತೆರೆಯದವರಿಗೆ ಅದು ಉಸಿರಿಗೆ ಅಡ್ಡಬರಬಹುದು. ದವಡೆಯ ಕೆಳಗೆ ಬಾವು ಬಂದರಂತೂ ಕಾಯಬೇಡಿ, ಅದು ತುರ್ತು ಸ್ಥಿತಿ. ನುಂಗಲು, ಉಸಿರಾಡಲು ಆಗದೆ ಹೋಗಬಹುದು.

ಹೃದಯ, ನಾಲಿಗೆ ಕೂಡ ಮೂಳೆ ಆಗುತ್ತಾ?

ಆಗುವುದಿಲ್ಲ. ಹೃದಯದ ಸ್ನಾಯು, ನಾಲಿಗೆ, ಕಣ್ಣು ತಿರುಗಿಸುವ ಸ್ನಾಯುಗಳು, ಎದೆ ಹೊಟ್ಟೆಗಳ ನಡುವಿನ ವಪೆ, ಕರುಳು ಮತ್ತು ಮೂತ್ರಕೋಶದ ಸ್ನಾಯು ಇವುಗಳಿಗೆ ಎಫ್‌ಒಪಿ ಮುಟ್ಟುವುದಿಲ್ಲ. ಬುದ್ಧಿಗೂ ಏನೂ ಆಗುವುದಿಲ್ಲ. ಕಿವಿ ಮಾತ್ರ ನೋಡಿಸುತ್ತಿರಬೇಕು. ಸುಮಾರು ಅರ್ಧದಷ್ಟು ಜನರಿಗೆ ಕೇಳುವುದು ಕಡಿಮೆಯಾಗುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲೇ. ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ ಎಂದು ಬೈಸಿಕೊಳ್ಳುವ ಮಗುವಿಗೆ ನಿಜವಾಗಿ ಕೇಳಿಸುತ್ತಿರುವುದಿಲ್ಲ.

ಎಷ್ಟು ವರ್ಷ ಬದುಕ್ತಾರೆ?

ಈ ಪ್ರಶ್ನೆಯನ್ನು ಹೆಚ್ಚಿನವರು ಮಗುವನ್ನು ಆಚೆ ಕಳಿಸಿ ಕೇಳುತ್ತಾರೆ. ಎರಡು ಅಂಕಿ ಕಿವಿಗೆ ಬಿದ್ದು ಗಾಬರಿಯಾಗಿರುತ್ತಾರೆ: 40 ಮತ್ತು 56. ಎರಡೂ 2010ರ ಒಂದೇ ಅಧ್ಯಯನದವು. ಅಷ್ಟು ಹೊತ್ತಿಗೆ ತೀರಿಕೊಂಡವರನ್ನು ಮಾತ್ರ ಲೆಕ್ಕ ಹಿಡಿದರೆ ನಡುವಿನ ವಯಸ್ಸು 40. ಬದುಕಿರುವವರನ್ನೂ ಸೇರಿಸಿದ ಅಂದಾಜು 56. ಎರಡನೆಯದೇ ಸರಿಯಾದ ಚಿತ್ರ. ಅಂದರೆ ಅರ್ಧದಷ್ಟು ಜನ ಅದಕ್ಕಿಂತಲೂ ಜಾಸ್ತಿ ಬಾಳುತ್ತಾರೆ.

ಸಾವಿಗೆ ಕಾರಣ ಹೆಚ್ಚಾಗಿ ಎದೆಗೂಡು. ಪಕ್ಕೆಲುಬಿನ ಕೀಲುಗಳು ಬಿಗಿದು, ಬೆನ್ನು ಓರೆಯಾಗಿ, ಎದೆ ಅರಳದಂತಾಗುತ್ತದೆ. ಉಸಿರಾಟದ ಕೆಲಸ ವಪೆಯೊಂದರ ಮೇಲೆ ಬೀಳುತ್ತದೆ. ವರ್ಷಗಳಾದ ಮೇಲೆ ಹೃದಯದ ಬಲಭಾಗಕ್ಕೂ ಹೊರೆಯಾಗುತ್ತದೆ. ಅಂಥವರಿಗೆ ನ್ಯುಮೋನಿಯಾ ತಡೆಯುವುದು ಕಷ್ಟ. ಬಿದ್ದು ತಲೆಗೆ ಪೆಟ್ಟಾಗುವುದು ಇನ್ನೊಂದು ಕಾರಣ, ಏಕೆಂದರೆ ಬೀಳುವಾಗ ಊರಲು ಕೈ ಮುಂದೆ ಬರುವುದಿಲ್ಲ. ದೀರ್ಘ ಉಸಿರಿನ ಅಭ್ಯಾಸ, ಸ್ಪೈರೋಮೀಟರ್, ಹಾಡುವುದು ಎಲ್ಲವೂ ಶ್ವಾಸಕೋಶಕ್ಕೆ ಒಳ್ಳೆಯದು.

ಈ ಕಾಯಿಲೆ ಇದ್ದವರ ಅಸ್ಥಿಪಂಜರ ಮ್ಯೂಸಿಯಮ್ಮಲ್ಲಿ ಇಟ್ಟಿದ್ದಾರಂತೆ, ನಿಜಾನಾ?

ನಿಜ. ಅಮೆರಿಕದ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಹ್ಯಾರಿ ಈಸ್ಟ್‌ಲ್ಯಾಕ್ ಅವರದು. 1933ರಲ್ಲಿ ಹುಟ್ಟಿ, 1973ರಲ್ಲಿ, 40 ತುಂಬಲು ಕೆಲವೇ ದಿನ ಇರುವಾಗ ನ್ಯುಮೋನಿಯಾದಿಂದ ತೀರಿಕೊಂಡರು. ಕೊನೆಯಲ್ಲಿ ತುಟಿ ಮಾತ್ರ ಆಡುತ್ತಿತ್ತು. ತನ್ನ ದೇಹ ಸಂಶೋಧನೆಗೆ ಹೋಗಲಿ ಎಂದದ್ದು ಅವರೇ. ಫೋಟೋ ಹುಡುಕಿ ನೋಡುವ ಮುಂಚೆ ಒಂದು ಮಾತು: ಅದು ಒಬ್ಬರ ಕೊನೆಯ ಹಂತ, ಅದೂ ಕಾಯಿಲೆಯ ಬಗ್ಗೆ ಹೆಚ್ಚೇನೂ ಗೊತ್ತಿಲ್ಲದ ಕಾಲದ್ದು. ನಿಮ್ಮ ಐದು ವರ್ಷದ ಮಗುವನ್ನು ಅದರ ಪಕ್ಕ ಇಟ್ಟು ನೋಡಬೇಡಿ.

## ಏನು ಮಾಡಬಾರದು, ಏನು ಮಾಡಬಹುದು

ಆಪರೇಷನ್ ಮಾಡಿ ಆ ಮೂಳೆ ತೆಗೆದುಹಾಕಬಾರದಾ?

ತೆಗೆದ ಜಾಗದಲ್ಲಿ ಮತ್ತೆ ಬೆಳೆಯುತ್ತದೆ, ಸಾಮಾನ್ಯವಾಗಿ ಮೊದಲಿಗಿಂತ ಹೆಚ್ಚು. ಕತ್ತರಿಸಿದ ಗಾಯವೇ ಹೊಸ ಫ್ಲೇರ್ ಎಬ್ಬಿಸುತ್ತದೆ. ಗಂಟಿನಿಂದ ಚೂರು ತೆಗೆಯುವ ಬಯಾಪ್ಸಿಗೂ ಇದೇ ಮಾತು. ಕೈಯಲ್ಲಿ ಜೀನ್ ಪರೀಕ್ಷೆ ಇರುವಾಗ ಬಯಾಪ್ಸಿಗೆ ಕಾರಣವೇ ಇಲ್ಲ.

ನಮ್ಮತ್ತೆ ಉಳುಕು ತೆಗೆಸೋಣ ಅಂತಾರೆ. ಎಣ್ಣೆ ಹಚ್ಚಿ ನೀವಿದ್ರೆ ಸಡಿಲ ಆಗಲ್ವಾ?

ಅತ್ತೆಯವರದು ಪ್ರೀತಿ, ಆದರೆ ಇಲ್ಲಿ ಬೇಡ. ಉಳುಕು ತೆಗೆಯುವುದು, ಗಟ್ಟಿಯಾಗಿ ತಿಕ್ಕುವುದು, ಪಟ್ಟು ಹಾಕಿ ಎಳೆದು ಕಟ್ಟುವುದು, ಎಲ್ಲವೂ ಮಾಂಸಖಂಡಕ್ಕೆ ಪೆಟ್ಟು. ಎಫ್‌ಒಪಿಯಲ್ಲಿ ಪೆಟ್ಟೇ ಮೂಳೆಗೆ ದಾರಿ. ಬಿಳಿ ಕೋಟು ಹಾಕಿದವರು ಮಾಡಿದರೂ ಅಷ್ಟೇ: ಬಿಗಿದ ಕೀಲನ್ನು ಬಲವಂತವಾಗಿ ಬಗ್ಗಿಸುವ ಫಿಸಿಯೋಥೆರಪಿಯಿಂದ ಕೀಲು ಕಳೆದುಕೊಂಡವರಿದ್ದಾರೆ. ಮಗು ತಾನಾಗಿ, ನೋವಿಲ್ಲದೆ ಎಷ್ಟು ಆಡಿಸುತ್ತದೋ ಅಷ್ಟು ಆಡಿಸಲಿ. ಬೆಚ್ಚಗಿನ ನೀರಿನಲ್ಲಿ ಆಡುವುದು ಒಳ್ಳೆಯದು.

ಲಸಿಕೆ ಹಾಕಿಸಬಹುದಾ? ಆಶಾ ಅಕ್ಕ ಮನೆಗೇ ಬಂದು ಕರೀತಾರೆ.

ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್ ಬೇಡ ಎಂಬುದು ಮೂಲ ನಿಯಮ. ಸರ್ಕಾರಿ ಪಟ್ಟಿಯಲ್ಲಿ ಎಲ್ಲವೂ ಹಾಗಿಲ್ಲ. ಪೋಲಿಯೋ ಹನಿ ಬಾಯಿಗೆ. ಬಿಸಿಜಿ ಚರ್ಮದೊಳಗೆ. ದಡಾರ–ರುಬೆಲ್ಲಾ ಲಸಿಕೆ ಚರ್ಮದ ಕೆಳಗೆ. ತೊಂದರೆ ಇರುವುದು 6, 10, 14ನೇ ವಾರ ತೊಡೆಗೆ ಹಾಕುವ ಪೆಂಟಾವೇಲೆಂಟ್, ಆಮೇಲಿನ ಡಿಪಿಟಿ ಬೂಸ್ಟರ್‌ಗಳಂಥ, ಮಾಂಸಖಂಡಕ್ಕೆ ಚುಚ್ಚುವ ಲಸಿಕೆಗಳಲ್ಲಿ. ಯಾವುದನ್ನು ಚರ್ಮದ ಕೆಳಗೆ ಕೊಡಬಹುದು, ಯಾವುದನ್ನು ಬಿಡಬೇಕು ಎಂಬುದನ್ನು ಮಕ್ಕಳ ಡಾಕ್ಟರ್ ಎಫ್‌ಒಪಿ ಬಲ್ಲವರ ಜೊತೆ ಮಾತಾಡಿ ತೀರ್ಮಾನಿಸಬೇಕು. ಫ್ಲೇರ್ ಇರುವಾಗ ಯಾವುದೂ ಬೇಡ. ಫ್ಲೂ ಜ್ವರವೇ ಫ್ಲೇರ್ ಎಬ್ಬಿಸುತ್ತದೆ, ಆದ್ದರಿಂದ ಮನೆಯ ಉಳಿದವರು ಫ್ಲೂ ಲಸಿಕೆ ತಪ್ಪದೆ ಹಾಕಿಸಿಕೊಳ್ಳಿ. ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ "ತೊಡೆಗೆ, ತೋಳಿಗೆ ಇಂಜೆಕ್ಷನ್ ಬೇಡ" ಎಂದು ಡಾಕ್ಟರ್ ಕೈಯಲ್ಲಿ ಬರೆಸಿಡಿ.

ಬಾವು ಎದ್ದ ದಿನ ಏನು ಮಾಡ್ಬೇಕು?

ಕೈಕಾಲಿನ ದೊಡ್ಡ ಕೀಲು ಅಥವಾ ದವಡೆಯಾದರೆ ಪ್ರೆಡ್ನಿಸೋನ್ ಜಾತಿಯ ಸ್ಟೀರಾಯ್ಡ್ ಅನ್ನು 4 ದಿನ ಕೊಡುವ ರೂಢಿ ಇದೆ. ಬಾವು ಎದ್ದ 24 ಗಂಟೆಯೊಳಗೆ ಶುರು ಮಾಡಿದರೆ ಮಾತ್ರ ಪ್ರಯೋಜನ. ಬೆನ್ನು, ಎದೆಯ ಬಾವಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಡೋಸ್ ಬರೆದ ಚೀಟಿ ಮೊದಲೇ ಮನೆಯಲ್ಲಿರಲಿ. ಭಾನುವಾರ ರಾತ್ರಿ ಡಾಕ್ಟರನ್ನು ಹುಡುಕಿಕೊಂಡು ಹೋದರೆ ಗಂಟೆಗಳು ಕಳೆದುಹೋಗುತ್ತವೆ. ಕಾಲು ಪೂರ್ತಿ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದೇ ಎಂದೂ ನೋಡಿಸಬೇಕು.

ಸ್ಕೂಲಿಗೆ ಕಳಿಸಬಹುದಾ? ಬಿದ್ರೆ?

ಕಳಿಸಿ. ತಳ್ಳಾಟ, ಕಬಡ್ಡಿ ಬೇಡ. ಬೆಂಚು, ಮೆಟ್ಟಿಲು, ಶೌಚಾಲಯದ ಬಗ್ಗೆ ಮುಖ್ಯ ಮೇಷ್ಟ್ರ ಜೊತೆ ಕೂತು ಮಾತಾಡಿ. ಮನೆಯಲ್ಲೇ ಕೂರಿಸಿದ ಮಕ್ಕಳಿಗೂ ಫ್ಲೇರ್ ಬರುತ್ತದೆ. ಓದು, ಗೆಳೆಯರು ಇಲ್ಲದೆ ಹೋದದ್ದಷ್ಟೇ ಲಾಭ.

## ಇನ್ನೂ ಆಳಕ್ಕೆ ಹೋಗುವವರಿಗೆ

ಜೀನ್‌ನಲ್ಲಿ ಒಂದಕ್ಷರ ಬದಲಾಗಿದೆ ಅಂದ್ರು. ಅಷ್ಟಕ್ಕೇ ಇಷ್ಟೆಲ್ಲಾ ಹೇಗೆ?

2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಕಪ್ಲಾನ್, ಐಲೀನ್ ಶೋರ್ ಅವರ ತಂಡ ಇದನ್ನು ಪತ್ತೆಹಚ್ಚಿತು. ಎಸಿವಿಆರ್1 ಎಂಬ ಜೀನ್, ಎರಡನೇ ಕ್ರೋಮೋಸೋಮಿನಲ್ಲಿದೆ. ಸುಮಾರು 97 ಶೇಕಡಾ ಜನರಲ್ಲಿ ಒಂದೇ ಬದಲಾವಣೆ: ಆರ್206ಎಚ್. ಈ ಜೀನ್ ತಯಾರಿಸುವ ಗ್ರಾಹಕ ಪ್ರೋಟೀನ್ ಜೀವಕೋಶದ ಮೈಮೇಲೆ ಕೂತು "ಮೂಳೆ ಕಟ್ಟು" ಎಂಬ ಸೂಚನೆಯನ್ನು ಒಳಗೆ ದಾಟಿಸುತ್ತದೆ. ಬದಲಾದ ಗ್ರಾಹಕ ಸುಮ್ನೆ ಇರಬೇಕಾದಾಗಲೂ ಸೂಚನೆ ಕಳಿಸುತ್ತದೆ. 2015ರಲ್ಲಿ ಇನ್ನೊಂದು ಮುಖ್ಯ ಸಂಗತಿ ಹೊರಬಿತ್ತು. ಆಕ್ಟಿವಿನ್ ಎ ಎಂಬ ಪ್ರೋಟೀನ್ ಉರಿಯೂತ ಆದಾಗ ಹೆಚ್ಚುತ್ತದೆ. ಮಾಮೂಲಿ ಜನರಲ್ಲಿ ಅದು ಈ ಗ್ರಾಹಕದ ಮೂಲಕ ಮೂಳೆ ಕಟ್ಟಿಸುವುದಿಲ್ಲ, ಎಫ್‌ಒಪಿಯಲ್ಲಿ ಕಟ್ಟಿಸುತ್ತದೆ. ಬಿದ್ದ ಪೆಟ್ಟು, ಸೂಜಿ, ವೈರಲ್ ಜ್ವರ ಮೂರೂ ಕೊನೆಗೆ ಮೂಳೆಯಲ್ಲಿ ಮುಗಿಯುವುದು ಏಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಒಂದೇ ಬದಲಾವಣೆ ಆದ್ರೆ ಎಲ್ಲರಿಗೂ ಒಂದೇ ಥರ ಆಗ್ಬೇಕಲ್ವಾ?

ಆಗುವುದಿಲ್ಲ. ಎಫ್‌ಒಪಿ ಇರುವ ತದ್ರೂಪಿ ಅವಳಿಗಳನ್ನು ಹೋಲಿಸಿ ನೋಡಿದ್ದಾರೆ. ಇಬ್ಬರ ಹೆಬ್ಬೆರಳೂ ಒಂದೇ ಥರ, ಆದರೆ ಆಮೇಲೆ ಬೆಳೆದ ಮೂಳೆಯಲ್ಲಿ ಬಹಳ ವ್ಯತ್ಯಾಸ. ಹುಟ್ಟಿನ ಲಕ್ಷಣ ಜೀನ್ ಕೈಯಲ್ಲಿ, ಮುಂದಿನ ವೇಗದಲ್ಲಿ ಪೆಟ್ಟು, ಸೋಂಕು ಇಂಥವುಗಳ ಪಾಲೂ ಇದೆ. ಇಂಜೆಕ್ಷನ್, ಬಯಾಪ್ಸಿ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಎಷ್ಟು ಮುಂದುವರಿದಿದೆ ಅಂತ ಅಳೆಯೋದು ಹೇಗೆ?

ಕಾಜಿಸ್ ಎಂಬ ಅಂಕಪದ್ಧತಿ ಇದೆ. ಎರಡೂ ಕಡೆಯ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದದ ಕೀಲು ಸೇರಿ 12. ಜೊತೆಗೆ ದವಡೆ, ಕತ್ತು, ಬೆನ್ನು. ಒಟ್ಟು 15 ಜಾಗ. ಪ್ರತಿಯೊಂದಕ್ಕೂ ಬಿಗಿತ ಇಲ್ಲದಿದ್ದರೆ 0, ಸ್ವಲ್ಪ ಇದ್ದರೆ 1, ಪೂರ್ತಿ ಬಿಗಿದಿದ್ದರೆ 2. ಎಲ್ಲವೂ ಪೂರ್ತಿ ಬಿಗಿದರೆ 30. ಎಕ್ಸ್‌ರೇ ಬೇಡ, ನೋಡಿ ಹೇಳಬಹುದು. ಮನೆಯಲ್ಲಿ ವರ್ಷಕ್ಕೊಮ್ಮೆ ಮಗು ಕೈ ಎತ್ತುವ, ಬಾಯಿ ತೆರೆಯುವ ವಿಡಿಯೋ ತೆಗೆದಿಟ್ಟರೆ ಡಾಕ್ಟರಿಗೆ ಅದೂ ದೊಡ್ಡ ಸಹಾಯ.

ಬೇರೆ ಕಾರಣಕ್ಕೆ ಆಪರೇಷನ್ ಮಾಡ್ಲೇಬೇಕಾದ್ರೆ? ಉಸಿರಿಗೆ ಕಷ್ಟ ಆದ್ರೆ ಮನೇಲಿ ಆಕ್ಸಿಜನ್ ಇಟ್ಕೋಬಹುದಾ?

ಅಪೆಂಡಿಕ್ಸ್‌ನಂಥದ್ದು ಬಂದರೆ ಮಾಡಲೇಬೇಕು. ಅಲ್ಲಿ ದೊಡ್ಡ ಸವಾಲು ಅರಿವಳಿಕೆ. ಕತ್ತು ಬಾಗದ, ಬಾಯಿ ತೆರೆಯದವರಿಗೆ ಮಾಮೂಲಿನಂತೆ ಗಂಟಲಿಗೆ ಕೊಳವೆ ಹಾಕಲು ಆಗುವುದಿಲ್ಲ. ಎಚ್ಚರ ಇರುವಾಗಲೇ ಮೂಗಿನ ಮೂಲಕ ಫೈಬರ್ ದುರ್ಬೀನು ಬಿಟ್ಟು ಹಾಕುವ ನುರಿತವರು ಬೇಕು. ಅಂಥವರು ಹತ್ತಿರದ ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ.

ಆಕ್ಸಿಜನ್ ವಿಷಯದಲ್ಲಿ ಎಚ್ಚರ. ವರ್ಷಗಟ್ಟಲೆ ಎದೆ ಬಿಗಿದವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರುತ್ತದೆ. ಅಂಥವರಿಗೆ ನಿಗಾ ಇಲ್ಲದೆ ಆಕ್ಸಿಜನ್ ಕೊಟ್ಟರೆ ಉಸಿರಾಟ ಇನ್ನೂ ಕುಗ್ಗಬಹುದು. ಸಿಲಿಂಡರ್ ತಂದು ಮನೆಯಲ್ಲಿಟ್ಟು ತಾವೇ ಕೊಡುವುದು ಅಪಾಯ.

ನನಗೇ ಎಫ್‌ಒಪಿ ಇದೆ. ಮಕ್ಕಳು ಮಾಡ್ಕೋಬಹುದಾ?

ಪ್ರತಿ ಮಗುವಿಗೂ ಬರುವ ಸಾಧ್ಯತೆ 50 ಶೇಕಡಾ. ಹೆಣ್ಣುಮಕ್ಕಳಿಗೆ ಬಸಿರು, ಹೆರಿಗೆ ಎರಡೂ ಜೀವಕ್ಕೆ ಅಪಾಯದವು. ಮುಂಚೆಯೇ ಜೆನೆಟಿಕ್ ಸಲಹೆಗಾರರನ್ನು, ಪ್ರಸೂತಿ ತಜ್ಞರನ್ನು ಕಾಣಿ. ಎಫ್‌ಒಪಿ ಇಲ್ಲದ ತಂದೆ ತಾಯಿಗೆ ಎರಡನೇ ಮಗುವಿನಲ್ಲೂ ಹೀಗಾಗುವುದು ತೀರಾ ವಿರಳ.

ಅಮೆರಿಕದಲ್ಲಿ ಔಷಧಿ ಬಂದಿದೆಯಂತೆ. ಅದನ್ನ ತರಿಸಿದ್ರೆ ವಾಸಿ ಆಗುತ್ತಾ?

ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ನೀವು ಕೇಳುತ್ತಿರುವುದು ಪಾಲೋವರೋಟೀನ್, ಬ್ರ್ಯಾಂಡ್ ಹೆಸರು ಸೊಹೊನೋಸ್. ಕೆನಡಾದಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಯುರೋಪಿನ ನಿಯಂತ್ರಕರು ಅದೇ ವರ್ಷ ಒಪ್ಪಲಿಲ್ಲ. ಅದು ಹೊಸ ಮೂಳೆ ಬೆಳೆಯುವುದನ್ನು ಕಡಿಮೆ ಮಾಡುತ್ತದೆ, ಆಗಲೇ ಬೆಳೆದದ್ದನ್ನು ಕರಗಿಸುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರ ನಿಲ್ಲಬಹುದು. ಅದಕ್ಕೇ ಅಮೆರಿಕದಲ್ಲಿ ಹುಡುಗಿಯರಿಗೆ 8, ಹುಡುಗರಿಗೆ 10 ವರ್ಷ ತುಂಬಿದ ಮೇಲೆ ಮಾತ್ರ. ಅಂದರೆ ಫ್ಲೇರ್ ಶುರುವಾಗುವ ಪುಟ್ಟ ಮಕ್ಕಳಿಗೆ ಇಲ್ಲ. ಬಸುರಿಯಲ್ಲಿ ತೆಗೆದುಕೊಂಡರೆ ಕೂಸಿಗೆ ಊನವಾಗಬಹುದು.

ಆಕ್ಟಿವಿನ್ ಎ ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುವ ಗರೆಟೋಸ್‌ಮ್ಯಾಬ್ ಇನ್ನೊಂದು. 2020ರಲ್ಲಿ ಕೆಲವು ಸಾವುಗಳಾದವೆಂದು ಅದರ ಪ್ರಯೋಗಕ್ಕೆ ತಡೆ ಬಿತ್ತು, ಆಮೇಲೆ ಮತ್ತೆ ಶುರುವಾಯಿತು. ಬದಲಾದ ಗ್ರಾಹಕವನ್ನೇ ತಡೆಯುವ ಮಾತ್ರೆಗಳನ್ನೂ ಮನುಷ್ಯರ ಮೇಲೆ ಪರೀಕ್ಷಿಸುತ್ತಿದ್ದಾರೆ. ಪ್ರಯೋಗಕ್ಕೆ ಸೇರಲು ದುಡ್ಡು ಕಟ್ಟಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಇಂಥ ಔಷಧಿ ಪ್ರಯೋಗಗಳಲ್ಲಿ ಔಷಧಿಯ ಖರ್ಚು ಕಂಪನಿಯದು.